ಸೋರದ ತೊಟ್ಟಿ ಮಾಡುತ್ತಿದ್ದವರು

ಗಾಜಿನ ವ್ಯಾಪಾರಕ್ಕೆ ಒಂದು ದೊಡ್ಡ ಅನನುಕೂಲವಿದೆ. ಮಾಲಿನಲ್ಲಿ ಗುಳ್ಳೆ ಇದ್ದರೆ, ಗೀರು ಇದ್ದರೆ, ಅದು ಕೊಳ್ಳುವವನ ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಬಟ್ಟೆಯಂತೆ ಹರಿದ ಕಡೆಯನ್ನು ಒಳಕ್ಕೆ ಮಡಚಿ ಕೊಡಲು ಬರುವುದಿಲ್ಲ, ಹಣ್ಣಿನಂತೆ ಕೊಳೆತದ್ದನ್ನು ಬುಟ್ಟಿಯ ತಳಕ್ಕೆ ತಳ್ಳಲು ಬರುವುದಿಲ್ಲ. ಆದ್ದರಿಂದ ಗಾಜು ಮಾರುವವನು ಬಾಯಿಂದಲೇ ಬದುಕಬೇಕು. ಗಿರಾಕಿ ಕಣ್ಣು ಕಿರಿದು ಮಾಡುವ ಮೊದಲೇ "ಏನೂ ಇಲ್ಲ ಸಾರ್, ಶುದ್ಧವಾಗಿದೆ" ಎಂದುಬಿಡಬೇಕು. ಮಾತು ಮುಂದೆ ಹೋದರೆ ಕಣ್ಣು ಅದರ ಹಿಂದೆ ಹೋಗುತ್ತದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಗಾಜಿನ ಅಂಗಡಿ ಇಟ್ಟಿದ್ದ ಯಜಮಾನನಿಗೆ ಈ ವಿದ್ಯೆ ಕೈಯಲ್ಲಿ, ಅಲ್ಲ, ನಾಲಿಗೆಯಲ್ಲಿ ಕೂತಿತ್ತು. ಅಂಗಡಿಯೊಳಗೆ ಬಂದ ಯಾವ ಪ್ರಶ್ನೆಯೂ ಅವನನ್ನು ದಾಟಿಕೊಂಡು ಬೇರೆಯವರ ಹತ್ತಿರ ಹೋದದ್ದಿಲ್ಲ. ಯಾರಾದರೂ ಅವನ ಹೆಂಡತಿಯನ್ನು "ಊಟ ಆಯ್ತಾ ಅಕ್ಕಾ?" ಎಂದು ಕೇಳಿದರೆ "ಆಯ್ತು, ಆಯ್ತು" ಎಂದು ಅವನೇ ಹೇಳುತ್ತಿದ್ದ. ಅವಳ ಊಟ ಆಗಿರುತ್ತಿರಲಿಲ್ಲ. ಅದು ಬೇರೆ ಮಾತು.

ಬೀದಿಯವರು ಅವನಿಗೆ ಇಟ್ಟ ಹೆಸರು ಒಂದ್‌ಗೀಟು. ಗಾಜನ್ನು ಕತ್ತರಿಸುವುದು ಎಂದು ಬಾಯಲ್ಲಿ ಹೇಳುತ್ತೇವೆ, ನಿಜವಾಗಿ ಯಾರೂ ಕತ್ತರಿಸುವುದಿಲ್ಲ. ಮೇಲೆ ಒಂದು ಗೀಟು ಎಳೆಯುತ್ತಾರೆ, ಕೆಳಗಿನಿಂದ ಮೆಲ್ಲಗೆ ತಟ್ಟುತ್ತಾರೆ, ಗಾಜು ತಾನೇ ಆ ಗೀಟಿನ ಗುಂಟ ಬಿಟ್ಟುಕೊಳ್ಳುತ್ತದೆ. ಗೀಟು ಒಂದೇ ಇರಬೇಕು, ಒಂದೇ ಒತ್ತಡದಲ್ಲಿರಬೇಕು. ಅನುಮಾನ ಬಂದು ಅದರ ಮೇಲೆ ಇನ್ನೊಂದು ಸಲ ಎಳೆದರೆ ಗಾಜು ಸಿಟ್ಟಾಗಿ ತನಗೆ ಬೇಕಾದ ಕಡೆ ಒಡೆಯುತ್ತದೆ. ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಸಿರು ಹಿಡಿದು, ಆ ತುದಿಯಿಂದ ಈ ತುದಿಗೆ ಚರ್ರೆಂದು ಎಳೆದು ಬಿಡುತ್ತಿದ್ದ ಯಜಮಾನ ಎರಡನೆಯ ಗೀಟು ಎಳೆದದ್ದನ್ನು ಆ ಬೀದಿ ಕಂಡಿರಲಿಲ್ಲ.

ಕಿಟಕಿ ಗಾಜು, ಫೋಟೋ ಕಟ್ಟು, ಕನ್ನಡಿ ಇವೆಲ್ಲ ಹೊಟ್ಟೆಪಾಡು. ಹೆಸರು ತಂದದ್ದು ಮೀನಿನ ತೊಟ್ಟಿಗಳು. ಅದರಲ್ಲಿ ಕೊಯ್ಯುವುದು ಅವನ ಪಾಲು, ಕೂಡಿಸುವುದು ಹೆಂಡತಿಯ ಪಾಲು. ಅವಳ ಅಪ್ಪ ಸೈಕಲ್ ಟ್ಯೂಬಿಗೆ ತೇಪೆ ಹಾಕುತ್ತಿದ್ದವನು. ಟ್ಯೂಬನ್ನು ಬಾಂಡಲಿ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುತ್ತಲೇ ಬೆಳೆದ ಹುಡುಗಿ. ಸೋರುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಗೋಡೆಯ ಗಾಜು ನಿಲ್ಲಿಸಿ, ಸಿಲಿಕಾನ್ ತುಂಬಿದ ಗನ್ನಿನ ಹಿಡಿಯನ್ನು ಅದುಮುತ್ತ ಮೂಲೆಯುದ್ದಕ್ಕೂ ಒಂದೇ ಸಮ ಅಂಟು ಬಿಡುತ್ತಿದ್ದಳು. ಆಮೇಲೆ ಬೆರಳನ್ನು ಸೋಪಿನ ನೀರಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ ಒಂದು ಸಲ ಸವರುತ್ತಿದ್ದಳು. ಅಷ್ಟೇ. ಗಿರಾಕಿಗಳು ಯಜಮಾನನ ಗೀಟನ್ನು ಹೊಗಳುತ್ತಿದ್ದರು. ಗೀಟು ಸರಿಯಿದ್ದ ಮಾತ್ರಕ್ಕೆ ತೊಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ ಎಂದು ಯಾರೂ ಯೋಚಿಸಿದಂತಿರಲಿಲ್ಲ, ಯಜಮಾನನೂ ಸೇರಿ.

ಬೇರೆ ಅಂಗಡಿಯವರು ತೊಟ್ಟಿಗೆ ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಿ ಮಾರುತ್ತಿದ್ದರು. ಇವನದು ಹಾಗಲ್ಲ. ಹಿತ್ತಲಿನ ನೆರಳಿನಲ್ಲಿ, ಗೋಡೆಗೆ ಹೊಂದಿಸಿ, ಅಡಿಗೆ ಹಳೇ ಪತ್ರಿಕೆ ಹಾಸಿ, ಕತ್ತಿನವರೆಗೆ ನೀರು ತುಂಬಿದ ತೊಟ್ಟಿಗಳನ್ನು ಎಂಟು ಹತ್ತು ದಿನ ಹಾಗೆಯೇ ಬಿಡುತ್ತಿದ್ದ. ಗಿರಾಕಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ "ಕೆಳಗಿನ ಪೇಪರ್ ಮುಟ್ಟಿ ನೋಡಿ. ಮುಟ್ಟಿ ಸಾರ್! ಗರಿಗರಿ ಇದೆ" ಎನ್ನುತ್ತಿದ್ದ. ಬಾಯಿಮಾತಿಲ್ಲದೆ ಮಾಲು ತೋರಿಸುತ್ತಿದ್ದ ಜಾಗ ಇಡೀ ಅಂಗಡಿಯಲ್ಲಿ ಅದೊಂದೇ.

ಆ ವರ್ಷ ಮಳೆ ಹಿಂದೆಯೇ ಜ್ವರ ಬಂತು. ಮೊದಲು ಬಿದ್ದವನು ಬೀಗದ ಅಂಗಡಿಯವನು. ಎರಡು ದಿನ ಹಾಸಿಗೆ, ಮೂರನೆಯ ದಿನ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದ, ಮುರಿದ ಛತ್ರಿಯಂತೆ ಮಡಚಿಕೊಂಡು.

"ಏನಪ್ಪಾ, ನೆಲದಲ್ಲಿ ಏನು ಹುಡುಕ್ತಿದೀಯ?" ಎಂದ ಯಜಮಾನ.

"ನಗು ಅಣ್ಣಾ, ನಗು. ಕೀಲಿ ಮಾಡೋನ ಕೀಲೇ ಹಿಡ್ಕೊಂಡಿದೆ. ನಾಳೆ ನಿನ್ನ ಮನೆಗೂ ಕಳಿಸ್ತೀನಿ."

ಕಳಿಸಿದವನು ಅವನಲ್ಲ. ನಾಲ್ಕು ದಿನ ಕಳೆದು ಆರೋಗ್ಯ ಇಲಾಖೆಯಿಂದ ಒಬ್ಬ ಹೆಂಗಸು ಬಂದಳು; ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದ ಹಿಡಿಯ ಬಿಳಿ ಸೌಟು. ಮನೆಮನೆಯ ಡ್ರಮ್ಮು, ಹೂಕುಂಡ, ಹಳೇ ಟೈರು ನೋಡಿಕೊಂಡು ಬಂದವಳು ಗಾಜಿನ ಅಂಗಡಿಯ ಹಿತ್ತಲಿಗೆ ಕಾಲಿಟ್ಟವಳೇ ನಿಂತುಬಿಟ್ಟಳು.

"ಯಜಮಾನ್ರೇ, ಈ ನೀರು ತುಂಬಿ ಎಷ್ಟು ದಿನ ಆಯ್ತು?"

"ಹತ್ತು ದಿನ ಆಯ್ತು ತಾಯಿ. ಒಂದು ಹನಿ ಹೊರಗೆ ಬಂದಿಲ್ಲ. ಬೇಕಾದ್ರೆ ಕೆಳಗಿನ ಪೇಪರ್ ಮುಟ್ಟಿ."

ಅವಳು ಪೇಪರ್ ಮುಟ್ಟಲಿಲ್ಲ. ಸೌಟನ್ನು ತೊಟ್ಟಿಗೆ ಇಳಿಸಿ ಎತ್ತಿ ಅವನ ಮೂಗಿನ ಕೆಳಗೆ ಹಿಡಿದಳು. ಬಿಳಿ ಸೌಟಿನಲ್ಲಿ ದಾರದ ತುಂಡಿನಂಥವು ಬಳುಕುತ್ತ ಮೇಲೆ ಕೆಳಗೆ ಓಡಾಡುತ್ತಿದ್ದವು.

"ಹನಿ ಹೊರಗೆ ಬಂದಿಲ್ಲ ಸರಿ. ಬಂದಿರೋದು ಬೇರೆ."

"ಇವು ಮೀನು ತಿನ್ನೋ ಹುಳ ಅಲ್ವಾ?"

"ಮೀನು ಎಲ್ಲಿದೆ?"

ಮೀನು ಇರಲಿಲ್ಲ. ಯಜಮಾನ ಬಗ್ಗಿ ಕೆಳಗಿನ ಪೇಪರನ್ನು ತಾನೇ ಮುಟ್ಟಿ ನೋಡಿದ. ಅವಳು ಒಂದೊಂದೇ ತೊಟ್ಟಿಯನ್ನು ತೋರಿಸುತ್ತ ಹೋದಳು. ಒಳ್ಳೆಯ ನೀರು, ನೆರಳು, ಗಾಳಿಯಿಲ್ಲದ ಮೂಲೆ, ಹತ್ತು ದಿನ ಯಾರೂ ಅಲ್ಲಾಡಿಸದ ನೆಮ್ಮದಿ. ಚಿಕೂನ್‌ಗುನ್ಯಾ ತರುವ ಸೊಳ್ಳೆಗೆ ಇದಕ್ಕಿಂತ ದೊಡ್ಡ ಹೆರಿಗೆ ಆಸ್ಪತ್ರೆ ಆ ಊರಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಕಡಿಮೆ ದಿನ ಇಟ್ಟು ಮಾರುವ ಅಂಗಡಿಯವರ ಹಿತ್ತಲಿನಲ್ಲಿ ಒಂದೂ ಸಿಕ್ಕಲಿಲ್ಲ ಎಂದು ಅವಳು ಹೋಗುವಾಗ ಹೇಳಿದ್ದು ಅವನಿಗೆ ಬೇಕೆಂದೇ ಹೇಳಿದಂತಿತ್ತು.

"ಎಲ್ಲ ಚೆಲ್ಲಿ. ಇನ್ಮೇಲೆ ಒಂದು ರಾತ್ರಿ, ಅದೂ ಮೇಲೆ ಬಟ್ಟೆ ಮುಚ್ಚಿ."

ಗಂಡ ಹೆಂಡತಿ ಸೇರಿ ಚೆಲ್ಲಿದರು. ಹಿತ್ತಲಿನಿಂದ ಚರಂಡಿಯವರೆಗೆ ಅವರ ಹೆಸರು ಹರಿದುಹೋಯಿತು. ಆ ವಾರದಲ್ಲೇ ಇಬ್ಬರೂ ಮಲಗಿದರು. ಹೆಂಡತಿ ಮೊದಲು, ಅವನು ಆಮೇಲೆ; ಮಂಚ ಸೇರಿದ ಕ್ರಮ ಅದಾದರೂ, ನರಳಿದ ಸದ್ದು ಬೀದಿಗೆ ಕೇಳಿಸಿದ್ದು ಅವನದೊಂದೇ.

ಜ್ವರ ಇಳಿದ ಮೇಲೆ ಊರ ಆಸ್ಪತ್ರೆಗೆ ಹೋದರು. ಹೊರಗಿನ ಬೆಂಚುಗಳ ಮೇಲೆ ಬೀದಿ ಬೀದಿಗಳೇ ಕೂತಿದ್ದವು. ಯಾರಿಗೂ ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲ, ಎದ್ದವರಿಗೆ ಕೂರಲು ಆಗುತ್ತಿರಲಿಲ್ಲ. ಒಳಗಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣಿನವರು.

"ನನ್ನ ಕೈ ಸರಿ ಹೋಗುತ್ತಾ ಡಾಕ್ಟರ್? ಅದೊಂದು ಹೇಳಿಬಿಡಿ. ಗಾಜಿನ ಕೆಲಸ ನಂದು," ಎಂದ ಯಜಮಾನ, ಬಲಗೈಯನ್ನು ಮೇಜಿನ ಮೇಲೆ ಹರಾಜಿಗೆ ಇಟ್ಟಂತೆ ಇಟ್ಟು.

"ಈ ಜ್ವರ ಎಲ್ಲರಿಗೂ ಬರುತ್ತೆ, ಎಲ್ಲರಿಗೂ ಹೋಗುತ್ತೆ. ಕೀಲುನೋವು ಮಾತ್ರ ಕೆಲವರಲ್ಲಿ ಉಳ್ಕೊಳ್ಳುತ್ತೆ. ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ. ಯಾರಲ್ಲಿ ಉಳಿಯುತ್ತೆ ಅಂತ ಖಚಿತವಾಗಿ ಹೇಳೋ ಪರೀಕ್ಷೆ ಇಲ್ಲ. ಕೆಲವು ಪ್ರಶ್ನೆ ಕೇಳಿ ಅಂದಾಜು ಮಾಡಬಹುದು ಅಷ್ಟೇ."

ಅಂದಾಜು ಎಂಬ ಮಾತು ಕೇಳಿ ಯಜಮಾನನಿಗೆ ಧೈರ್ಯ ಬಂತು. ಅಂದಾಜಿನಲ್ಲಿ ಚೌಕಾಸಿಗೆ ಜಾಗವಿರುತ್ತದೆ. ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಮೊದಲ ವಾರ ನೋವು ಎಷ್ಟಿತ್ತು, ಎಷ್ಟು ಕೀಲುಗಳು ಊದಿದ್ದವು, ಜ್ವರಕ್ಕೆ ಮುಂಚೆ ಕೀಲುನೋವು ಇತ್ತೇ. ಅವನು ಒಂದೊಂದಕ್ಕೂ ವಿವರವಾಗಿ ಉತ್ತರ ಕೊಟ್ಟ. ಸಕ್ಕರೆ ಇತ್ತು. ಮಣಿಕಟ್ಟು ಊದಿತ್ತು. ನೋವನ್ನು ವರ್ಣಿಸಲು ಅವನು ತೆಗೆದುಕೊಂಡ ಸಮಯದಲ್ಲಿ ಬಾಗಿಲ ಹೊರಗೆ ಇಬ್ಬರು ಕೆಮ್ಮಿ ನೆನಪಿಸಿದರು.

"ಸರಿ. ಇವರಿಗೆ?" ಎಂದು ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. ಅವಳು ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು.

"ಅವಳಿಗೆ ಅಷ್ಟೇನಿಲ್ಲ," ಎಂದ ಯಜಮಾನ.

"ಮುಂಚೆ ಕೀಲುನೋವು, ಬೆರಳು ಗಂಟಿನ ನೋವು ಏನಾದ್ರೂ?"

"ಏನೂ ಇಲ್ಲ. ಗಟ್ಟಿ ಆಳು. ಮೂವತ್ತು ವರ್ಷದಿಂದ ಒಂದು ತಲೆನೋವು ಅಂದವಳಲ್ಲ."

"ಎಷ್ಟು ಕಡೆ ಊದಿತ್ತು?"

"ಎರಡು ಬೆರಳು ಇರಬೇಕು. ಅಲ್ವೇನೇ?"

ಅವಳು ಗಂಡನ ಮುಖ ನೋಡಿದಳು, ಬಾಗಿಲ ಹೊರಗಿನ ಸಾಲು ನೋಡಿದಳು. "ಹೂಂ," ಎಂದಳು.

ಡಾಕ್ಟರಮ್ಮ ಎದ್ದು ಅವಳ ಒಂದು ಕೈಯನ್ನು ಶಾಲಿನಿಂದ ಬಿಡಿಸಿ ಎರಡು ಗಂಟು ಒತ್ತಿ "ನೋವಾ?" ಎಂದರು. "ಸ್ವಲ್ಪ," ಎಂದಳು. ಅಷ್ಟರಲ್ಲಿ ಹೊರಗೆ ಯಾರೋ ತಲೆಸುತ್ತಿ ಬಿದ್ದರು, ಡಾಕ್ಟರಮ್ಮ ಅತ್ತ ಓಡಿದರು. ಬಂದು ಹೇಳಿದ್ದು ಇಷ್ಟು: "ನಿಮ್ಮದು ಸ್ವಲ್ಪ ಎಳೆಯಬಹುದು ಅನ್ಸುತ್ತೆ, ಹುಷಾರಾಗಿರಿ. ಇವರ ವಯಸ್ಸಿನ ಹೆಂಗಸರಲ್ಲಿ ಉಳ್ಕೊಳ್ಳೋದು ಜಾಸ್ತಿ. ಆದ್ರೆ ನೀವು ಹೇಳಿದ್ದು ನೋಡಿದ್ರೆ ಇವರಿಗೆ ಬೇಗ ಹೋಗಬೇಕು. ಹೋಗದಿದ್ರೆ ಒಂದು ತಿಂಗಳೊಳಗೆ ಕರ್ಕೊಂಡು ಬನ್ನಿ."

ಯಜಮಾನನ ಕಿವಿಗೆ ಬಿದ್ದದ್ದು ಮೊದಲನೆಯ ವಾಕ್ಯ ಮಾತ್ರ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅವನ ಬಲಗೈ ಒಂದು ಬೇರೆ ಮನುಷ್ಯನಂತೆ ಬಾಳಿತು. ಅದಕ್ಕೆ ಬೇರೆ ದಿಂಬು, ಬೇರೆ ಟವೆಲ್ಲು, ಹೊತ್ತುಹೊತ್ತಿಗೆ ಬಿಸಿನೀರು. ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಯೇ ಅವರ ಮನೆ, ಬೀಗದವನು ಸಂಜೆ ಮೆಟ್ಟಿಲು ಹತ್ತಿ ಬಂದು "ಕೈ ಹೇಗಿದೆ?" ಎಂದು ಕೇಳುತ್ತಿದ್ದ, ಮನುಷ್ಯ ಹೇಗಿದ್ದಾನೆ ಎಂದು ಕೇಳುತ್ತಿರಲಿಲ್ಲ. ಹೆಂಡತಿ ಬಿಸಿನೀರಿನ ಪಾತ್ರೆಯನ್ನು ಬೆರಳಿನಿಂದ ಹಿಡಿಯದೆ ಎರಡು ಮಣಿಕಟ್ಟುಗಳ ನಡುವೆ ಒತ್ತಿಕೊಂಡು ತರುತ್ತಿದ್ದಳು. ಬಿಸಿ ತಾಗದಿರಲಿ ಎಂದು ಹಾಗೆ ಮಾಡುತ್ತಾಳೆ, ಜಾಣೆ ಎಂದು ಅವನು ಅಂದುಕೊಂಡ.

ತಿಂಗಳು ಕಳೆಯುವಷ್ಟರಲ್ಲಿ ಅವನ ಕೈ ಇಳಿಯಿತು. ಒಂದು ಮಧ್ಯಾಹ್ನ ಮೇಜಿನ ಮೇಲೆ ಹಾಳೆ ಹಾಕಿ, ಕಟರನ್ನು ಎಣ್ಣೆಗೆ ಅದ್ದಿ, ಉಸಿರು ಹಿಡಿದು ಎಳೆದ. ಚರ್ರ್. ತಟ್ಟಿದ. ಗಾಜು ಮೊದಲಿನಂತೆಯೇ ಮಾತು ಕೇಳಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ಗಾಜಿನ ಪುಡಿ ಎಂದ.

"ನೋಡ್ದ್ಯಾ? ಡಾಕ್ಟರಮ್ಮನ ಅಂದಾಜು ಸುಳ್ಳಾಯ್ತು!" ಎಂದು ಬೀಗದವನಿಗೆ ಕೂಗಿ ಹೇಳಿದ.

"ಒಳ್ಳೇದಾಯ್ತು ಬಿಡು ಅಣ್ಣಾ. ನಿನ್ನ ಕೈ ಕಥೆ ಕೇಳಿ ಕೇಳಿ ನಂಗೆ ಕಿವಿ ಕೀಲು ನೋಯ್ತಿತ್ತು. ಅತ್ತಿಗೆ ಹೇಗಿದಾರೆ?"

"ಅವಳಿಗೇನು, ಚೆನ್ನಾಗಿದಾಳೆ."

ಆ ಬೀದಿಯ ಕೊನೆಯಲ್ಲಿದ್ದ ಹಲ್ಲಿನ ಡಾಕ್ಟರು ತಮ್ಮ ರೋಗಿಗಳು ಕಾಯುವ ಕೋಣೆಗೆ ಒಂದು ದೊಡ್ಡ ತೊಟ್ಟಿ ಬೇಕೆಂದರು. ಮೀನು ನೋಡುತ್ತ ಕೂತರೆ ಜನ ಒಳಗಿನ ಯಂತ್ರದ ಸದ್ದು ಮರೆಯುತ್ತಾರಂತೆ. ಯಜಮಾನ ಹಾಳೆಗಳನ್ನು ಕೊಯ್ದು ಅಂಚು ಉಜ್ಜಿ ನಿಲ್ಲಿಸಿದ. ಹೆಂಡತಿ ಅಂಟು ಹಾಕಲು ಕೂತಳು. ಮೊದಲು ಅಡುಗೆಗೆ ಇಟ್ಟ ನೀರು ಕಾಯುವಷ್ಟರಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಬೆಳಗ್ಗೆ ಕೂತವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ವಯಸ್ಸಾಯಿತು ಎಂದುಕೊಂಡ. ಒಂದು ರಾತ್ರಿ ನೀರು ನಿಲ್ಲಿಸಿ, ಸೌಟಿನವಳು ಹೇಳಿದಂತೆ ಬಟ್ಟೆ ಮುಚ್ಚಿ, ಬೆಳಗ್ಗೆ ಪೇಪರ್ ಮುಟ್ಟಿ ನೋಡಿ ಕಳಿಸಿಕೊಟ್ಟ.

ಮುಂದಿನ ವಾರ ಹಲ್ಲಿನ ಡಾಕ್ಟರ ಕಡೆಯಿಂದ ಜನ ಓಡಿ ಬಂದರು. ಇವನು ಹೋಗುವಷ್ಟರಲ್ಲಿ ತೊಟ್ಟಿಯ ಒಂದು ಮೂಲೆ ಬಿಟ್ಟುಕೊಂಡು ಕಾಯುವ ಕೋಣೆಯ ನೆಲವೆಲ್ಲ ನೀರು. ರೋಗಿಗಳು ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಕೂತಿದ್ದರು. ಬಾಯಿ ಮುಕ್ಕಳಿಸುವ ಲೋಟಗಳನ್ನು ಸಾಲಾಗಿ ಇಟ್ಟು, ಲೋಟಕ್ಕೊಂದರಂತೆ ಮೀನುಗಳನ್ನು ಹಾಕಿದ್ದರು. ಒಂದೊಂದು ಮೀನೂ ತನ್ನ ಸರದಿಗೆ ಕಾಯುವಂತೆ ಬಾಯಿ ತೆರೆದು ಮುಚ್ಚುತ್ತಿತ್ತು.

"ನಿಮ್ಮ ತೊಟ್ಟಿ ಸೋರಲ್ಲ ಅಂತ ಊರೆಲ್ಲ ಹೇಳ್ತಾರಲ್ರೀ?" ಎಂದರು ಹಲ್ಲಿನ ಡಾಕ್ಟರು.

"ನೆಲ ಸಮ ಇಲ್ಲ ಸಾರ್. ಅಂಟೂ ಹೊಸ ಕಂಪನೀದು ಬಂದಿದೆ. ನೀರಿನ ಭಾರ ಬೇರೆ..." ಎಂದು ಯಜಮಾನ ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ತೊಟ್ಟಿಯನ್ನು ಕೈಗಾಡಿಯಲ್ಲಿ ಹಿಂದಕ್ಕೆ ತಂದು, ಹಿತ್ತಲ ಬೆಳಕಿನಲ್ಲಿ ಮೂಲೆಗೆ ಕಣ್ಣಿಟ್ಟು ನೋಡಿದ. ಅಂಟು ಒಂದು ಕಡೆ ಗಂಟಾಗಿತ್ತು, ಮುಂದೆ ಎಳೆಯಂತೆ ಸಣ್ಣಗಾಗಿತ್ತು, ಮತ್ತೆ ಗಂಟು, ಮತ್ತೆ ಎಳೆ. ಗೀಟು ಎಳೆಯುವವನಿಗೆ ಅದನ್ನು ಓದಲು ಬೇರೆಯವರು ಬೇಕಾಗಲಿಲ್ಲ. ಒಂದೊಂದು ಗಂಟಿನಲ್ಲೂ ಒಂದು ಕೈ ನಿಂತಿತ್ತು. ನಿಂತು, ಸುಧಾರಿಸಿಕೊಂಡು, ಮತ್ತೆ ಹೊರಟಿತ್ತು.

ಹೆಂಡತಿ ಮೇಲೆ ಮಲಗಿದ್ದಳು. ಅವಳನ್ನು ಎಬ್ಬಿಸುವುದು ಬೇಡ, ತಾನೇ ಮಾಡೋಣ ಎಂದು ಹಳೇ ಅಂಟು ಕೆರೆದು ತೆಗೆದು ಗನ್ನು ಕೈಗೆ ತೆಗೆದುಕೊಂಡ. ಮೂವತ್ತು ವರ್ಷದಿಂದ ಮನೆಯಲ್ಲಿದ್ದ ಆ ಸಾಮಾನನ್ನು ಅವನು ಸರಿಯಾಗಿ ಹಿಡಿದದ್ದು ಅದೇ ಮೊದಲು. ಹಿಡಿ ಅದುಮಿದರೆ ಸುಲಭಕ್ಕೆ ಅಲುಗಲಿಲ್ಲ. ಅರ್ಧ ಮೂಲೆ ದಾಟುವಷ್ಟರಲ್ಲಿ ಗುಣವಾದ ಕೈಯನ್ನೇ ಎರಡು ಸಲ ಕೊಡವಿಕೊಳ್ಳಬೇಕಾಯಿತು. ಹಿಡಿಗೆ ದಪ್ಪಗೆ ಬಟ್ಟೆ ಸುತ್ತಿತ್ತು. ಜಾರದಿರಲೆಂದು ಸುತ್ತಿರಬೇಕು ಎಂದುಕೊಂಡಿದ್ದ. ಅದು ತನ್ನ ಅಂಗೈಗೆ ತುಂಬಾ ದಪ್ಪವಾಯಿತೆಂದು ಬಿಚ್ಚತೊಡಗಿದ.

ಬಿಚ್ಚುತ್ತಾ ಹೋದ, ಅದು ಮುಗಿಯಲಿಲ್ಲ. ಮೇಲಿನ ಸುತ್ತು ಈ ತಿಂಗಳದು, ಹೊಸ ಟವೆಲ್ಲಿನ ತುಂಡು. ಅದರ ಕೆಳಗೆ ಹಳೇ ಅಂಗಿಯ ತೋಳು. ಅದರ ಕೆಳಗೆ ಇನ್ನೊಂದು, ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಬಟ್ಟೆಯದು. ಕೊನೆಯ ಸುತ್ತು ಕಲ್ಲಿನಂತೆ ಗಟ್ಟಿಯಾಗಿತ್ತು, ಮೇಲೆಲ್ಲ ಕಪ್ಪು ಕಲೆ. ಕಪ್ಪು ಸಿಲಿಕಾನ್. ಕಪ್ಪು ಅಂಟು ಚೆನ್ನಾಗಿ ಕಾಣುವುದಿಲ್ಲವೆಂದು ಗಿರಾಕಿಗಳು ಗೊಣಗಿದ ಮೇಲೆ ಅವನೇ ಅದನ್ನು ತರಿಸುವುದು ನಿಲ್ಲಿಸಿ, ಬಿಳುಪಾದದ್ದನ್ನು ತರಿಸತೊಡಗಿದ್ದ. ಮಗಳು ಆಗ ಇನ್ನೂ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಈಗ ಅವಳದೇ ಎರಡು ಮಕ್ಕಳು.

ಜಾರುವ ಹಿಡಿಗೆ ಒಂದು ಸುತ್ತು ಸಾಕು. ನೋಯುವ ಕೈಗೆ ಮಾತ್ರ ಹಿಡಿ ದಪ್ಪವಾಗುತ್ತಾ ಹೋಗಬೇಕು.

ಅವನು ಮೇಲೆ ಹೋದ. ಅವಳು ಎದ್ದು ಕೂತು, ಔಷಧದ ಶೀಶೆಯ ಮುಚ್ಚಳವನ್ನು ಎರಡು ಅಂಗೈ ನಡುವೆ ಇಟ್ಟು ತಿರುಗಿಸಲು ನೋಡುತ್ತಿದ್ದಳು. ಅವನ ಶೀಶೆ, ಅವನು ಬಿಟ್ಟ ಮಾತ್ರೆ.

"ನಿಂಗೆ ಬೆರಳು ನೋವು ಯಾವಾಗಿಂದ?"

"ಜ್ವರ ಬಂದಾಗಿಂದ."

"ಸುಳ್ಳು ಹೇಳ್ಬೇಡ. ಕಪ್ಪು ಅಂಟಿನ ಕಾಲದಿಂದ ಇದೆ."

ಅವಳಿಗೆ ನಗು ಬಂತು. "ಓಹೋ, ಬಟ್ಟೆ ಬಿಚ್ಚಿ ನೋಡಿದ್ರಾ? ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ನೀವು."

"ಹೇಳೋಕೇನಾಗಿತ್ತು ನಿಂಗೆ?"

"ಯಾರಿಗೆ ಹೇಳ್ಲಿ? ಯಾರು ಕೇಳಿದ್ರೂ ನೀವೇ ಹೇಳ್ತೀರಲ್ಲ."

"ಡಾಕ್ಟರಮ್ಮ ಕೇಳಿದಾಗ?"

"ಆಗಲೂ ನೀವೇ ಹೇಳಿದ್ರಿ. ಗಟ್ಟಿ ಆಳು ಅಂದ್ರಿ. ಹೊರಗೆ ಅಷ್ಟು ಜನ ನಿಂತಿದ್ರು. ಅಲ್ಲ, ಇವರು ಹೇಳಿದ್ದು ಸುಳ್ಳು ಅಂತ ಅಲ್ಲಿ ಕೂತು ನಿಮ್ಮ ಮರ್ಯಾದೆ ತೆಗೀಲಾ?" ಮುಚ್ಚಳದ ಮೇಲೆ ಅಂಗೈ ಒತ್ತುತ್ತಲೇ ಹೇಳಿದಳು, "ಮತ್ತೆ, ನೀವು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ನಂಗೂ ಹಾಗೇ ಆಗಬಹುದು ಅನ್ನಿಸ್ತು. ಬೇಗ ಹೋಗುತ್ತೆ ಅಂದ್ರಲ್ಲ ಅವರು."

ಅವನು ಶೀಶೆಯನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿದ. ಅದು ಎಷ್ಟು ಸುಲಭವಾಗಿ ಬಿಚ್ಚಿಕೊಂಡಿತೆಂದರೆ ಅವನಿಗೆ ಅದನ್ನು ಅವಳ ಕೈಗೆ ಕೊಡಲು ನಾಚಿಕೆಯಾಯಿತು.

ಮಾರನೆಯ ದಿನ ಆಸ್ಪತ್ರೆಯ ಬೆಂಚುಗಳು ಖಾಲಿ ಇದ್ದವು. ಜ್ವರದ ಜನ ಹೋಗಿದ್ದರು. ಉಳಿದಿದ್ದವರು ಅಲ್ಲೊಬ್ಬರು ಇಲ್ಲೊಬ್ಬರು. ಹೆಚ್ಚಿನವರು ಹೆಂಗಸರು, ಎಲ್ಲರೂ ಕೈಯನ್ನು ಮಡಿಲಲ್ಲಿ ಒಡೆಯುವ ಸಾಮಾನಿನಂತೆ ಇಟ್ಟುಕೊಂಡು ಕೂತವರು. ಡಾಕ್ಟರಮ್ಮ ಈ ಸಲ ಆತುರಪಡಲಿಲ್ಲ. ಹತ್ತು ಬೆರಳಿನ ಗಂಟುಗಳು, ಮಣಿಕಟ್ಟು, ಕಾಲಿನ ಹರಡು ಒಂದೊಂದನ್ನೂ ಒತ್ತಿದರು. ಅವಳು ತುಟಿ ಕಚ್ಚಿಕೊಂಡಿದ್ದಳು. ಬಲಗೈ ನಡುಬೆರಳಿನ ಬುಡ ಒತ್ತಿದಾಗ ಒಂದು ಸದ್ದು ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಯಜಮಾನ ಆ ಸದ್ದನ್ನು ಕೇಳಿರಲಿಲ್ಲ.

"ಜ್ವರಕ್ಕೆ ಮುಂಚೆ ಇತ್ತಾ?"

"ಇತ್ತು," ಎಂದಳು.

"ಮೊದಲ ವಾರ ಎಷ್ಟು ಕಡೆ ಊದಿತ್ತು?"

"ಊದದೇ ಇದ್ದದ್ದು ಯಾವುದು ಅಂತ ಕೇಳಿ, ಬೇಗ ಹೇಳ್ತೀನಿ."

ಡಾಕ್ಟರಮ್ಮ ಯಜಮಾನನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವನು ಏನಾದರೂ ಹೇಳಿ ತೀರಿಸಿಕೊಳ್ಳುತ್ತಿದ್ದ.

"ಇದು ಬೇಗ ಹೋಗೋ ಥರ ಕಾಣ್ತಿಲ್ಲ," ಎಂದರು. "ವರ್ಷ ಆಗಬಹುದು, ಜಾಸ್ತಿನೂ ಆಗಬಹುದು. ಪೂರ್ತಿ ಹೋಗದೆಯೂ ಇರಬಹುದು. ರಕ್ತ ಪರೀಕ್ಷೆ ಮಾಡೋಣ. ವಾರಕ್ಕೊಂದು ಸಲ ತಗೊಳ್ಳೋ ಮಾತ್ರೆ ಇದೆ, ಕೀಲಿನ ಡಾಕ್ಟರ್ ನೋಡಿ ಶುರು ಮಾಡ್ತಾರೆ. ಊತ ತಡೆಯುತ್ತೆ. ಆದ್ರೆ ಆ ಗನ್ನು ಅದುಮೋ ಕೆಲಸ ಸಾಕು ಇನ್ನು."

"ನಾನು ಅವತ್ತು ಸರಿಯಾಗಿ ಹೇಳಿದ್ದಿದ್ರೆ ಇದು ಬರ್ತಿರ್ಲಿಲ್ವಾ?" ಎಂದ ಯಜಮಾನ.

"ಬರ್ತಿರ್ಲಿಲ್ಲ ಅಂತ ಹೇಳೋಕಾಗಲ್ಲ. ಬರೋದು ಬಹುಶಃ ಬರ್ತಿತ್ತು. ಆದ್ರೆ ನಾನು ಇವರನ್ನ ಮುಂಚೇನೇ ಕರೆಸ್ತಿದ್ದೆ. ಇಷ್ಟು ದಿನ ಸುಮ್ಮನೆ ನೋವು ತಿನ್ನೋದು ತಪ್ಪುತ್ತಿತ್ತು."

ತಪ್ಪು ಪೂರ್ತಿ ತನ್ನದೆಂದಿದ್ದರೆ ಹೊತ್ತುಕೊಳ್ಳಬಹುದಿತ್ತು, ತನ್ನದಲ್ಲ ಎಂದಿದ್ದರೆ ಇಳಿಸಬಹುದಿತ್ತು. ಇದು ಎರಡೂ ಅಲ್ಲದ ತೂಕ. ಅವನ ಇಡೀ ವ್ಯಾಪಾರದಲ್ಲಿ ಇಂಥ ಉತ್ತರವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ, ಯಾರಿಂದಲೂ ತೆಗೆದುಕೊಂಡಿರಲಿಲ್ಲ.

"ಬಟ್ಟೆ ಹಿಂಡೋಕಾಗುತ್ತಾ?" ಎಂದು ಹೆಂಡತಿ ಕೇಳಿದಳು.

"ಸದ್ಯಕ್ಕೆ ಬೇಡ."

"ಇವರು ಹಿಂಡಿದ್ರೆ ಅಂಗಿ ಹಾಳೆ ಥರ ಹರಿದುಹೋಗುತ್ತೆ," ಎಂದಳು ಅವಳು, ಯಾರಿಗೂ ಅಲ್ಲದಂತೆ.

ಹಲ್ಲಿನ ಡಾಕ್ಟರ ತೊಟ್ಟಿಗೆ ಯಜಮಾನನೇ ಅಂಟು ಹಾಕಿದ. ಎರಡು ಸಲ ಸೋರಿತು. ಮೂರನೆಯ ಸಲ ನಿಂತಿತು, ಆದರೆ ಮೂಲೆಗಳು ನೋಡಲು ಹೊಲಿಗೆ ಹಾಕಿದ ಗಾಯದಂತಿದ್ದವು. ಹಲ್ಲಿನ ಡಾಕ್ಟರು ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟುಕೊಂಡರು. ಆಮೇಲೆ ಆ ಅಂಗಡಿಯಲ್ಲಿ ತೊಟ್ಟಿ ಮಾಡಲಿಲ್ಲ. ಬೇರೆ ಆಳನ್ನು ಇಟ್ಟುಕೋ ಎಂದು ಬೀಗದವನು ಹೇಳಿದ. ಇಬ್ಬರನ್ನು ನೋಡಿದರು. ಒಬ್ಬನ ಅಂಟು ತೆಳುವಾಗುತ್ತಿತ್ತು, ಇನ್ನೊಬ್ಬ ಎರಡನೆಯ ದಿನ ತಾನೇ ಕಾಣಿಸಿಕೊಳ್ಳಲಿಲ್ಲ.

ಹಿತ್ತಲು ಬರಿದಾಯಿತು. ಅವಳಿಗೆ ಮೇಲೆ ಕೂತು ಬೇಸರವೆಂದು ಅಂಗಡಿಯ ಮುಂದೆ ಕುರ್ಚಿ ಹಾಕಿದರು. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಿಕೊಂಡಿರುತ್ತಿದ್ದ ಕೈ ಬಿಚ್ಚಿಕೊಳ್ಳಲು ಬಿಸಿಲು ಎದುರುಗಡೆಯ ಗೋಡೆಗೆ ಬರಬೇಕಾಗಿತ್ತು. ಮಾತ್ರೆ ತೆಗೆದುಕೊಂಡ ಮರುದಿನ ಹೊಟ್ಟೆ ತೊಳಸುತ್ತಿತ್ತು. ಊತ ಒಂದಿಷ್ಟು ಇಳಿದಿತ್ತು. ನೋವು ಇಳಿದಿದೆಯೇ ಎಂದು ಅವನು ಕೇಳುತ್ತಿದ್ದ, "ಪರವಾಗಿಲ್ಲ" ಎನ್ನುತ್ತಿದ್ದಳು. ಆ ಮಾತಿಗೆ ಏನು ಬೆಲೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಹೊತ್ತು ಇಳಿಯುವ ಮುಂಚೆ ಒಬ್ಬ ಹೆಂಗಸು ಬಂದಳು. ಯಜಮಾನ ಒಳಗೆ ಕಪಾಟಿನಿಂದ ಕಿಟಕಿ ಗಾಜಿನ ದೊಡ್ಡ ಹಾಳೆಯೊಂದನ್ನು ಹೊರಗೆ ಎಳೆದು ಎರಡು ಕೈಯಲ್ಲಿ ಹಿಡಿದಿದ್ದ.

"ಮೀನಿನ ಟ್ಯಾಂಕ್ ಇಲ್ಲೇ ಅಲ್ವಾ ಅಕ್ಕಾ ಮಾಡೋದು?"

"ಮಾಡ್ತಿದ್ವಿ. ಈಗಿಲ್ಲ. ಮುಂದಿನ ಬೀದೀಲಿ ಮಾಡ್ತಾರೆ, ಪರವಾಗಿಲ್ಲ ಅವರದ್ದೂ."

"ಯಾಕೆ ಬಿಟ್ರಿ?" ಎಂದವಳ ಮಾತು ಅಲ್ಲೇ ನಿಂತಿತು. "ಅಯ್ಯೋ, ಕೈಗೇನಾಯ್ತು?"

ಯಜಮಾನನ ಬಾಯಿಗೆ ಉತ್ತರ ಬಂದಿತ್ತು. ಹಲ್ಲು ಕಚ್ಚಿ ಹಿಡಿದ.

"ಚಿಕೂನ್‌ಗುನ್ಯಾ," ಎಂದಳು ಹೆಂಡತಿ.

"ನಮ್ಮಮ್ಮಂಗೂ ಈಗ ಅದೇ ಬಂದಿದೆ. ಹತ್ತು ದಿನ ಆಯ್ತು. ಎಲ್ಲರೂ ಹೋಗುತ್ತೆ ಹೋಗುತ್ತೆ ಅಂತಾರೆ. ನಿಮ್ಮ ಥರ ಆಗಲ್ಲ ತಾನೇ?"

"ವಯಸ್ಸೆಷ್ಟು ಅವರಿಗೆ?"

ಅವಳು ಹೇಳಿದಳು.

"ಮುಂಚೆ ಬೆರಳು, ಮಂಡಿ ನೋವು ಇತ್ತಾ?"

"ಇಲ್ಲಪ್ಪ, ಏನೂ ಇರ್ಲಿಲ್ಲ. ಗಟ್ಟಿಮುಟ್ಟಾಗಿದ್ರು."

"ನೀವು ಹೇಳ್ಬೇಡಿ," ಎಂದಳು ಹೆಂಡತಿ. "ಅವರನ್ನೇ ಕೇಳಿ. ಕೋಣೇಲಿ ಬೇರೆ ಯಾರೂ ಇಲ್ಲದಾಗ ಕೇಳಿ. ಬೆಳಗ್ಗೆ ಎದ್ದಾಗ ಬಾಚಣಿಗೆ ಹಿಡಿಯೋಕಾಗುತ್ತಾ ಕೇಳಿ. ನೋವಾ ಅಂದ್ರೆ ಇಲ್ಲ ಅಂತಾರೆ, ಹಾಗೆ ಕೇಳ್ಬೇಡಿ. ನಂಗೆ ನೋಡಿ, ಹಾಸಿಗೆ ಮೇಲಿನ ಚಾದರ ಎಳ್ಕೊಳ್ಳೋಕೆ ಬೆರಳು ಬರಲ್ಲ, ಹಲ್ಲಲ್ಲಿ ಕಚ್ಚಿ ಎಳ್ಕೋತೀನಿ. ಸ್ನಾನಕ್ಕೆ ಹೋದ್ರೆ ಬೆನ್ನಿಗೆ ನೀರು ಹಾಕ್ಕೊಳ್ಳೋಕಾಗಲ್ಲ. ಕೆಲವು ದಿನ ಬಾಗಿಲು ಹಾಕ್ಕೊಂಡು ಅಲ್ಲೇ ಕೂತ್ಕೊಂಡು ಬಿಡ್ತೀನಿ, ಇವರಿಗೆ ಕೇಳಿಸ್ದೇ ಇರ್ಲಿ ಅಂತ ನಲ್ಲಿ ಬಿಟ್ಕೋತೀನಿ..."

ಅವಳು ಹೇಳುತ್ತಾ ಹೋದಳು. ಬಂದವಳು ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಒಳಗೆ ಯಜಮಾನನ ತೋಳು ಸೋಲುತ್ತಿತ್ತು. ಹಾಳೆ ಭಾರವಾದದ್ದು, ಅದನ್ನು ಮೇಜಿನ ಮೇಲೆ ಇಟ್ಟರೆ ಸದ್ದಾಗುತ್ತಿತ್ತು, ಸದ್ದಾದರೆ ಅವನು ಅಲ್ಲಿರುವುದು ನೆನಪಾಗಿ ಅವಳು ನಿಲ್ಲಿಸಿಬಿಡುತ್ತಿದ್ದಳು. ಅವನು ಗಾಜನ್ನು ಎದೆಗೆ ಒರಗಿಸಿಕೊಂಡು, ಅದರ ಅಂಚು ಅಂಗೈಗೆ ಒತ್ತುತ್ತಿದ್ದರೂ ಹಾಗೆಯೇ ನಿಂತ.